ಐಸ್ ಹಾಕಿ ಓಗ್ಬುಡ್ತು

ಧನಗೆರೆಯ ದೊಡ್ಡಬಸಮ್ಮ ಸತ್ತಳೆಂಬ ಸುದ್ದಿ ಬೆಳಿಗ್ಗೆ ಹತ್ತಕ್ಕೆ ಯಳಂದೂರಿನಲ್ಲಿ ಹುಟ್ಟಿ, ಹತ್ತೂವರೆಗೆ ಕೊಳ್ಳೇಗಾಲ ಮುಟ್ಟಿ, ಹನ್ನೊಂದರೊಳಗೆ ಹನೂರನ್ನೂ ದಾಟಿ ಒಡೆಯರಪಾಳ್ಯದ ಟಿಬೆಟನ್ನರ ಕ್ಯಾಂಪಿಗೆ ಹೋಗಿತ್ತು. ಧನಗೆರೆಗೆ ಮಾತ್ರ ಬಂದಿರಲಿಲ್ಲ. ಬಂದಿದ್ದರೆ ಹಿತ್ತಲಲ್ಲಿ ಕುಳಿತು ಹುಣಸೆಹಣ್ಣು ಜಜ್ಜುತ್ತಿದ್ದ ದೊಡ್ಡಬಸಮ್ಮನೇ ಅದಕ್ಕೆ ತಕ್ಕ ಉತ್ತರ ಕೊಟ್ಟು ಕಳಿಸುತ್ತಿದ್ದಳು.

ಇಷ್ಟಕ್ಕೆಲ್ಲ ಕಾರಣ ಒಂದು ಆಟ. ಆಟವೂ ಅಲ್ಲ ಬಿಡಿ, ನಡೆಯದೇ ಹೋದ ಆಟ.

ದೊಡ್ಡಬಸಮ್ಮನ ಹಿರಿಮಗ ಮಹದೇವಸ್ವಾಮಿಗೆ ಒಬ್ಬಳೇ ಮಗಳು, ಆಶಾರಾಣಿ. ಗಡಿ ಕಾಯುವ ಪಡೆಗೆ ಸೇರಿ ಲಡಾಖಿಗೆ ಹೋದವಳು. ಅಲ್ಲಿ ಚಳಿಗಾಲ ಬಂದರೆ ಕೆರೆ ಕಲ್ಲಾಗುತ್ತದೆ. ಜನ ಕಾಲಿಗೆ ಅಲಗಿನ ಬೂಟು ಕಟ್ಟಿಕೊಂಡು ಅದರ ಮೇಲೆ ಜಾರುತ್ತಾ ಹಾಕಿ ಆಡುತ್ತಾರೆ. ಗೋಲಿಗೆ ಗಟ್ಟಿಮುಟ್ಟಾದವರು ಯಾರಾದರೂ ಬೇಕು ಎಂದು ಮೇಲಧಿಕಾರಿ ಸಾಲಿನ ಉದ್ದಕ್ಕೂ ನೋಡುತ್ತಾ ಬಂದಾಗ ಅವರ ಕಣ್ಣು ನಮ್ಮ ಆಶಾರಾಣಿಯ ಮೇಲೆ ನಿಂತಿತು. ನಿಲ್ಲದೆ ಇನ್ನೇನು? ರಾಗಿಮುದ್ದೆಯ ಮೈ. ಅವಳು ಗೋಲಿನಲ್ಲಿ ನಿಂತರೆ ಗಾಳಿಯೂ ಅಪ್ಪಣೆ ಕೇಳಿ ಒಳಗೆ ಹೋಗಬೇಕಿತ್ತು. ಹಾಗೆ ಐದು ಚಳಿಗಾಲ ನಿಂತೂ ನಿಂತೂ ಈ ಸಲ ದೇಶದ ಹೆಂಗಸರ ತಂಡಕ್ಕೇ ಆಯ್ಕೆಯಾಗಿಬಿಟ್ಟಳು. ಏಷ್ಯಾದಲ್ಲಿ ಈ ಆಟವನ್ನು ಈಗೀಗ ಕಲಿಯುತ್ತಿರುವ ದೇಶಗಳಿಗೆಂದೇ ಹೊರದೇಶದಲ್ಲಿ ಒಂದು ಪಂದ್ಯಾವಳಿ ಇಟ್ಟಿದ್ದರು. ಹದಿನೈದು ದಿನದ ರಜೆ ಹಾಕಿ, ಮನೆಯವರ ಮುಖ ನೋಡಿಕೊಂಡು ಹಾಗೇ ಹೋಗಿ ವಿಮಾನ ಹತ್ತುತ್ತೇನೆಂದು ಊರಿಗೆ ಬಂದಿದ್ದಳು.

"ಈಗೀಗ ಕಲೀತಿರೋ ದೇಸ ಅಂದ್ರೆ?" ಎಂದು ಅಜ್ಜಿ ಕೇಳಿದ್ದಳು.

"ಅಂದ್ರೆ ಆಟದಲ್ಲಿ ಇನ್ನೂ ಮುಂದ್ಕೆ ಬರ್ಬೇಕಾಗಿರೋರು ಅಜ್ಜಿ."

"ಹಿಂದುಳಿದೋರು ಅನ್ನು. ಅದ್ಕೆ ಯಾಕಮ್ಮಿ ನಾಚ್ಕೆ? ಕೋಟಾದಲ್ಲಿ ಸೀಟು ಸಿಕ್ರೂ ಸಿಕ್ದಂಗೇಯ."

ಆಶಾರಾಣಿಗೆ ಪದಕದ ಆಸೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ದೊಡ್ಡ ಆಸೆ ಒಂದಿತ್ತು: ತಾನು ಐಸಿನ ಮೇಲೆ ನಿಂತು ಆಡುವುದನ್ನು ಅಜ್ಜಿ ನೋಡಬೇಕು. ಅಮ್ಮ ಪ್ರೇಮಾ ಕಬ್ಬಿನ ಗದ್ದೆಗೆ ಹೋದ ದಿನಗಳಲ್ಲೆಲ್ಲ ಇವಳನ್ನು ಸೊಂಟದಿಂದ ಇಳಿಸದೆ ಬೆಳೆಸಿದವಳು ಆ ಮುದುಕಿ. ಐದು ವರ್ಷ ಫೋನಿನಲ್ಲಿ ವಿಡಿಯೊ ತೋರಿಸಿದ್ದೇ ತೋರಿಸಿದ್ದು. ಅಜ್ಜಿಯ ಪೊರೆ ಬಂದ ಕಣ್ಣಿಗೆ ಏನು ಕಾಣಬೇಕು? "ಹಾಲು ಚೆಲ್ದಂಗದೆ. ಮೇಲೆ ನೊಣ ಓಡಾಡ್ತವೆ. ಅದ್ರಲ್ಲಿ ನೀನ್ಯಾವ ನೊಣವ್ವ?" ಎನ್ನುತ್ತಿದ್ದಳು. ಕೊನೆಗೆ ಫೋನಿನಲ್ಲೇ ನೇರವಾಗಿ ಬರಲಿದ್ದ ಈ ಪಂದ್ಯಾವಳಿ ನೋಡಲೆಂದೇ ಕೊಳ್ಳೇಗಾಲದಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡಳು. ಡಾಕ್ಟರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡೇ ಮಾದಪ್ಪನ ಮಲೆಯ ದಿಕ್ಕಿಗೆ ಕೈಮುಗಿದು, ಬೀದಿಗೆಲ್ಲ ಕೇಳುವಂತೆ ಹರಕೆ ಹೇಳಿಕೊಂಡಳು:

"ಮಾದಪ್ಪಾ! ನನ್ ಮೊಮ್ಮಗಳು ಐಸಿನ ಮೇಲೆ ನಿಂತು ಆಡೋದ ಈ ಕಣ್ಣಲ್ಲಿ ಒಂದೇ ಒಂದ್ಸಲ ನೋಡ್ಬುಟ್ರೆ ಸಾಕು. ಆಮೇಕೆ ನೀನು ಯಾವತ್ತು ಕರುದ್ರೂ ಸೈ, ಉಟ್ಟ ಸೀರೇಲೇ ಎದ್ದು ಬತ್ತೀನಿ."

ಎಂಬತ್ತನಾಲ್ಕು ವರ್ಷದ ಮುದುಕಿ ದೇವರಿಗೆ ಹೀಗೆ ಬಾಯಿಬಿಟ್ಟು ಮಾತು ಕೊಟ್ಟರೆ ಊರು ಮರೆಯುತ್ತದೆಯೇ? ಪಂದ್ಯ ಯಾವಾಗ ಎಂದು ಕೇಳುವವರ ದನಿಯಲ್ಲೇ ಬೇರೊಂದು ಪ್ರಶ್ನೆಯೂ ಇರುತ್ತಿತ್ತು.

ವಿಮಾನ ಹತ್ತಲು ಇನ್ನು ಮೂರು ದಿನ ಇದೆ ಎನ್ನುವಾಗ, ಬೆಳಿಗ್ಗೆ ಒಂಬತ್ತು ಗಂಟೆಗೆ ಮೊಬೈಲಿಗೆ ಓಲೆ ಬಂತು. ಎರಡು ತಂಡಗಳಿಗೆ ಬರಲಾಗುತ್ತಿಲ್ಲ, ಆಟದಂಗಳದ ತಂಪು ಮಾಡುವ ಯಂತ್ರವೂ ಕೆಟ್ಟಿದೆ, ಆದ್ದರಿಂದ ಪಂದ್ಯಾವಳಿ ರದ್ದು. ವಿಷಾದಿಸುತ್ತೇವೆ. ಇಷ್ಟೇ. ವಿಷಾದಿಸುತ್ತಾರಂತೆ!

ಆಶಾರಾಣಿ ಅಳಲಿಲ್ಲ. ಜಗಲಿಯ ಮೇಲೆ ಅವಳ ಆಟದ ಬ್ಯಾಗು ಮಲಗಿತ್ತು. ಗೋಲು ಕಾಯುವವರ ಬ್ಯಾಗು ಎಂದರೆ ಸಾಮಾನ್ಯದ್ದಲ್ಲ, ಆಳುದ್ದ, ಅರ್ಧ ಆಳಿನ ದಪ್ಪ. ಅದನ್ನು ಕಣ್ಣಲ್ಲಿ ನೋಡಲಾರದೆ, ಹಗ್ಗದ ಮೇಲೆ ಒಣಗುತ್ತಿದ್ದ ಅಜ್ಜಿಯ ಸೀರೆಯನ್ನು ಎಳೆದು ತಂದು ತಲೆಯಿಂದ ಕಾಲಿನವರೆಗೆ ಮುಚ್ಚಿದಳು. ಆಮೇಲೆ ಒಳಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಅಜ್ಜಿ ಸುದ್ದಿ ಕೇಳಿ ಒಂದು ಮಾತೂ ಆಡಲಿಲ್ಲ. ಅವಳಿಗೆ ಸಿಟ್ಟು ಬಂದರೆ ಮೊದಲು ಹೋಗುವುದು ಮಾತು. ಹಿತ್ತಲಿಗೆ ನಡೆದು ಹುಣಸೆಹಣ್ಣನ್ನು ಅದೇ ಪಂದ್ಯಾವಳಿಯವರ ತಲೆ ಎಂಬಂತೆ ಜಜ್ಜತೊಡಗಿದಳು.

ಮಹದೇವಸ್ವಾಮಿಗೆ ಯಾರ ಬಳಿಯಾದರೂ ಹೇಳಿಕೊಳ್ಳಬೇಕೆನಿಸಿ ತಮ್ಮ ರಂಗಸ್ವಾಮಿಗೆ ಫೋನು ಮಾಡಿದ. ರಂಗಸ್ವಾಮಿ ಯಳಂದೂರಿನಲ್ಲಿ ಮನೆ ಮಾಡಿಕೊಂಡಿರುವ ಬಸ್ ಕಂಡಕ್ಟರು. ಬಲು ಒಳ್ಳೆಯವನು. ಆದರೆ ಅರ್ಧ ಕೇಳಿ ಪೂರ್ತಿ ಓಡುವ ಜಾತಿಯವನು. ಇಲ್ಲಿ ಇನ್ನೊಂದು ವಿಷಯ ತಿಳಿದಿರಬೇಕು. ಈ ಮನೆಯಲ್ಲಿ ಆ ಆಟಕ್ಕೆ ಅದುವರೆಗೆ 'ಜಾರಾಟ' ಎಂದೇ ಹೆಸರು. ಆವತ್ತು ಮಾತ್ರ ಮಹದೇವಸ್ವಾಮಿ, ದುಃಖಕ್ಕೆ ಒಂದು ಮರ್ಯಾದೆ ಇರಲಿ ಎಂದು, ಓಲೆಯಲ್ಲಿದ್ದ ಸರಿಯಾದ ಹೆಸರನ್ನೇ ಹೇಳಿದ.

"ಲೋ ರಂಗಾ, ಐಸ್ ಹಾಕಿ ಓಗ್ಬುಡ್ತು ಕಣ್ಲಾ."

ಆ ಕಡೆ ಬಸ್ಸು ರಿವರ್ಸಿನಲ್ಲಿತ್ತು. "ಏನಣ್ಣಾ?"

"ಐಸ್ ಹಾಕಿ! ಓಗ್ಬುಡ್ತು! ಆಶಾ ಕಲ್ಲಾಗೋಗವ್ಳೆ. ಅವ್ವಂದು ಮಾತಿಲ್ಲ ಕತೆಯಿಲ್ಲ. ಮೂರು ದಿನ ಕಣ್ಲಾ, ಇನ್ನು ಮೂರೇ ದಿನ..."

ಹಾರನ್ನು ಕೂಗಿತು, ಫೋನು ನಿಂತಿತು.

ಈಗ ಹೇಳಿ, ರಂಗಸ್ವಾಮಿಯ ತಪ್ಪೇನಿದೆ? ಮುಪ್ಪಾದ ತಾಯಿ ಇರುವ ಮನೆಯಿಂದ ಅಣ್ಣ ಅಳುದನಿಯಲ್ಲಿ ಐಸ್ ಹಾಕಿ ಎಂದ, ಓಗ್ಬುಡ್ತು ಎಂದ, ಅವ್ವನಿಗೆ ಮಾತಿಲ್ಲ ಎಂದ, ಮೂರು ದಿನ ಎಂದ. ಮುದಿಜೀವ ಹೋಯಿತು, ದೂರದವರು ಬರುವ ತನಕ ಮೂರು ದಿನ ಇಡಬೇಕು, ಐಸ್ ಹಾಕಿ ಎನ್ನುತ್ತಿದ್ದಾನೆ. ಕನ್ನಡ ಬಲ್ಲ ಯಾವ ಮಗನಾದರೂ ಹೀಗಲ್ಲದೆ ಬೇರೆ ಹೇಗೆ ಅರ್ಥ ಮಾಡಿಕೊಂಡಾನು? ಸೀಟಿಯನ್ನು ಡ್ರೈವರನ ಕೈಗೆ ಕೊಟ್ಟು ಬಸ್ಸಿನಿಂದ ಇಳಿದೇಬಿಟ್ಟ. ನೆಂಟರಿಗೆಲ್ಲ ಫೋನು ಮಾಡಿದ, ಒಡೆಯರಪಾಳ್ಯದಲ್ಲಿದ್ದ ಆಶಾಳ ಗೆಳತಿ ಯಾಂಗ್‌ಚೆನ್‌ಗೂ ಮಾಡಿದ. ಕೊಳ್ಳೇಗಾಲದ ಐಸ್ ಫ್ಯಾಕ್ಟರಿಯ ಗುರುಮಲ್ಲಪ್ಪನಿಗೂ ಮಾಡಿದ. ಹೆಣಕ್ಕೆ ದಿನಕ್ಕೆ ನಾಲ್ಕು ಗಡ್ಡೆ ಲೆಕ್ಕ, ಮೂರು ದಿನಕ್ಕೆ ಹನ್ನೆರಡು ಗಡ್ಡೆ.

ಹನ್ನೊಂದೂವರೆ ಇರಬೇಕು. ಗೋಡೆಗೆ ಮುಖ ಮಾಡಿ ಮಲಗಿದ್ದ ಆಶಾರಾಣಿಗೆ ಹೊರಗೆ ಟೆಂಪೊ ನಿಂತ ಸದ್ದು ಕೇಳಿತು. ಅದರ ಹಿಂದೆಯೇ ಚಿಕ್ಕಪ್ಪನ ದನಿ:

"ಅವ್ವಾ! ನಮ್ಮುನ್ನೆಲ್ಲ ಬುಟ್ಟು ಓಗ್ಬುಟ್ಯಾ ಅವ್ವಾ!"

ಅವಳು ದಿಗ್ಗನೆ ಎದ್ದು ಕುಳಿತಳು. ಅಜ್ಜಿ! ಬೆಳಿಗ್ಗೆಯಿಂದ ಮಾತಾಡಿರಲಿಲ್ಲ. ಈ ಸುದ್ದಿಯನ್ನು ತಡೆದುಕೊಳ್ಳಲಿಲ್ಲವೇ ಆ ಜೀವ? ಬಾಗಿಲಿಗೆ ಓಡಿ ಬಂದು ನೋಡಿದರೆ ಜಗಲಿಯ ಮೇಲೆ ಅಜ್ಜಿಯ ಸೀರೆ ಹೊದ್ದು ಉದ್ದಕ್ಕೆ ಮಲಗಿದ ಆಕಾರ. ಅದನ್ನು ತಬ್ಬಿಕೊಂಡು ಚಿಕ್ಕಪ್ಪ ಹೊರಳಾಡುತ್ತಿದ್ದಾನೆ. ಗುರುಮಲ್ಲಪ್ಪ ಸೇವಂತಿಗೆ ಹಾರ ಹಾಕಿ ಕೈಮುಗಿದು ನಿಂತಿದ್ದಾರೆ. ದಾರಿಯಲ್ಲಿ ಹತ್ತಿಸಿಕೊಂಡು ಬಂದಿದ್ದ ಭಜನೆಯ ಪುಟ್ಟಸಿದ್ದಯ್ಯ ಹಾರ್ಮೋನಿಯಂ ಬಿಚ್ಚಿ ಶ್ರುತಿ ಹಿಡಿದಾಗಿದೆ. ತಾನೇ ಮುಚ್ಚಿದ ಬ್ಯಾಗು ಅದು ಎಂಬುದು ಆ ಗಳಿಗೆ ಆಶಾರಾಣಿಗೇ ಮರೆತುಹೋಯಿತು ನೋಡಿ! "ಅಜ್ಜೀ!" ಎಂದು ಅವಳೂ ಹೋಗಿ ಅದರ ಮೇಲೆ ಬಿದ್ದಳು.

ಪಂಪಿನ ಮನೆಯ ಹತ್ತಿರ ಕುಳಿತಿದ್ದ ಮಹದೇವಸ್ವಾಮಿ ಗೋಳು ಕೇಳಿ ಓಡಿಬಂದ. "ಈಗ್ತಾನೆ ಚೆನ್ನಾಗಿದ್ಲಲ್ಲೋ!" ಎಂದು ತಲೆ ಚಚ್ಚಿಕೊಂಡ.

"ನೀನೇ ಅಲ್ವೇನಣ್ಣಾ ಫೋನು ಮಾಡಿದ್ದು!"

"ನಾನು ಮಾಡ್ದಾಗ ಬದುಕಿದ್ಲು ಕಣ್ಲಾ!"

ಇದರಲ್ಲಿ ಏನೋ ಹೊಂದುತ್ತಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಅಳುವವರಿಗೆ ಅಷ್ಟು ಪುರಸತ್ತು ಎಲ್ಲಿರುತ್ತದೆ?

ಹಿತ್ತಲಿಂದ, ಕೈಗೆಲ್ಲ ಹುಣಸೆಹಣ್ಣು ಮೆತ್ತಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಬಂದವಳು ದೊಡ್ಡಬಸಮ್ಮ. ಗುಂಪಿನ ಅಂಚಿಗೆ ಬಂದು ಗುರುಮಲ್ಲಪ್ಪನವರ ಪಕ್ಕ ನಿಂತಳು. ಸಾವಿನ ಎದುರಿಗೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಮೌನ ಮುರಿದಳು.

"ಯಾರು ಸತ್ತಿರೋದು ಬುದ್ಧಿ?"

"ದೊಡ್ಡಬಸಮ್ಮೋರು ಕಣಮ್ಮ," ಎಂದರು ಗುರುಮಲ್ಲಪ್ಪ, ತಿರುಗಿ ನೋಡದೆ. "ಬಲೇ ಒಳ್ಳೇ ಜೀವ."

"ಅಂಗಾ?" ಅಜ್ಜಿ ಒಂದು ಗಳಿಗೆ ಯೋಚಿಸಿದಳು. "ಇನ್ನೊಂಚೂರು ಯೋಳಿ."

"ಏನು ಹೇಳೋದಮ್ಮ. ಬಾಯಿ ಸ್ವಲ್ಪ ಜೋರು. ಆದ್ರೆ ಮನಸ್ಸು ಹಾಲು."

"ಬಾಯಿ ಜೋರು ಅಂತ ಯಾವನ್ ಯೋಳ್ದೋನು?"

ಗುರುಮಲ್ಲಪ್ಪ ತಿರುಗಿ ನೋಡಿದರು. ಹೆಣಗಳಿಗೆ ಐಸು ಮಾರಿ ಮಾರಿ ಅವರಿಗೆ ಸಾವಿನ ಹೆದರಿಕೆ ಹೋಗಿತ್ತು, ಆದರೆ ಸತ್ತವರು ಜೊತೆಗೆ ನಿಂತು ಜಗಳಕ್ಕೆ ಬಂದದ್ದು ಇದೇ ಮೊದಲು. "ಶಿವ ಶಿವಾ!" ಎಂದು ಹಿಂದಕ್ಕೆ ಹಾರಿದ ರಭಸಕ್ಕೆ ಹಾರ್ಮೋನಿಯಂ ಮೇಲೆ ಕುಳಿತರು. ಅದರಿಂದ ಹೊರಟ ಸ್ವರಕ್ಕೆ ಎಲ್ಲರೂ ತಲೆ ಎತ್ತಿದರು.

"ಯಾರ್ಲಾ ಅದು, ಬ್ಯಾಗ್ ತಬ್ಕಂಡು ಅಳ್ತಿರೋದು?" ಎಂದಳು ದೊಡ್ಡಬಸಮ್ಮ. "ನನ್ ಸೀರೆಗೆಲ್ಲಾ ಸಿಂಬ್ಳ ಮಾಡ್ಬುಟ್ಟಲ್ಲೋ ಮಂಕುಮುಂಡೇದೆ!"

ಆಮೇಲಿನ ಗದ್ದಲವನ್ನು ಬಿಡಿಸಿ ಹೇಳುವುದು ನನ್ನಿಂದಾಗದು. ರಂಗಸ್ವಾಮಿ ತಾಯಿಯ ಕಾಲು ಹಿಡಿದ, ಅಣ್ಣನ ಕುತ್ತಿಗೆ ಹಿಡಿದ, ಮತ್ತೆ ಕಾಲು ಹಿಡಿದ. ಆಶಾರಾಣಿ ಅಜ್ಜಿಯನ್ನು ಎತ್ತಿಕೊಂಡು ಮೂರು ಸುತ್ತು ತಿರುಗಿಸಿದಳು. ಬೆಳಿಗ್ಗೆ ಬಾರದಿದ್ದ ಅಳು ಈಗ ಬಂತು, ಅದರ ಜೊತೆಗೇ ನಗುವೂ ಬಂತು. ಗೋಳು ಕೇಳಿ ಗದ್ದೆಯಿಂದ ಓಡಿಬಂದಿದ್ದ ಪ್ರೇಮಾ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. "ಐಸ್ ಹಾಕಿ ಅಂದ್ರೆ ಆಟ ಕಣ್ಲಾ, ಆಟ!" ಎಂದು ಮಹದೇವಸ್ವಾಮಿ ಹೇಳಿದರೆ, "ಹಂಗಂತ ಅವತ್ತಿಂದ ಯಾಕೆ ಯೋಳ್ಲಿಲ್ಲ? ಜಾರಾಟ ಅಂತಿದ್ರಲ್ಲಾ?" ಎಂದು ರಂಗಸ್ವಾಮಿ ಕೂಗಿದ. ಅದೂ ನ್ಯಾಯವೇ.

ಇಷ್ಟೆಲ್ಲ ಆದ ಮೇಲೆ ಉಳಿದದ್ದು ಐಸು. ಟೆಂಪೊದೊಳಗೆ, ಗೋಣಿತಾಟು ಹೊದ್ದು, ಹನ್ನೆರಡು ಗಡ್ಡೆ.

"ವಾಪಸ್ ತಕಂಡೋಗಿ ಗುರುಮಲ್ಲಪ್ನೋರೆ," ಎಂದ ಮಹದೇವಸ್ವಾಮಿ.

ಗುರುಮಲ್ಲಪ್ಪ ಕಿವಿ ಮುಚ್ಚಿಕೊಂಡರು. "ಬಿಡ್ತು ಅನ್ನು! ಹೆಣಕ್ಕೆ ಅಂತ ಹೊರಟ ಐಸು ತಿರುಗಿ ಫ್ಯಾಕ್ಟರಿ ಬಾಗಿಲು ದಾಟೋ ಹಂಗಿಲ್ಲ ಕಣಪ್ಪ. ನಮ್ಮ ತಾತನ ಕಾಲದಿಂದ ನಡೆದುಬಂದದ್ದು."

"ಹಂಗಾರೆ ಪಾನಕಕ್ಕೆ ಹಾಕಿ ಊರಿಗೆಲ್ಲ ಕೊಟ್ಬುಡಾನ," ಎಂದ ರಂಗಸ್ವಾಮಿ.

"ಹೆಣದ ಐಸಿನ ಪಾನಕವಾ?" ಪುಟ್ಟಸಿದ್ದಯ್ಯ ಕುಡಿಯುತ್ತಿದ್ದ ಮಜ್ಜಿಗೆಯ ಲೋಟವನ್ನೇ ಅನುಮಾನದಿಂದ ನೋಡಿ ಕೆಳಗಿಟ್ಟ. "ಸುಮ್ಕೆ ಮೋರಿಗೆ ಸುರೀಬೇಕು ಅಂದ್ರೂ ಆಗಲ್ಲ ಸ್ವಾಮಿ. ಮೇಲೆ ಯಾರೂ ಮಲಗ್ದೆ ಕರಗೋದ್ರೆ ಆ ಐಸು ಮನೇಲಿ ಬೇರೊಬ್ರನ್ನ ಕೇಳ್ತದಂತೆ."

ಎಲ್ಲರ ಮುಖ ಸಪ್ಪಗಾಯಿತು. ಟೆಂಪೊದ ಹಿಂಬದಿಯಿಂದ ನೀರು ತೊಟತೊಟನೆ ಬೀಳತೊಡಗಿತ್ತು. ಏಪ್ರಿಲ್ ಬಿಸಿಲು ಯಾರ ಶಾಸ್ತ್ರಕ್ಕೂ ಕಾಯುವುದಿಲ್ಲ.

ದೊಡ್ಡಬಸಮ್ಮ ಎದ್ದು ಟೆಂಪೊದ ಬಳಿ ಹೋದಳು. ಗೋಣಿತಾಟು ಎತ್ತಿ ನೋಡಿದಳು.

"ಯಾರ್ ಎಸ್ರಿಗ್ಲಾ ಬಂದಿರೋದು ಈ ಐಸು?"

"ನಿನ್ ಎಸ್ರಿಗೇ ಅವ್ವಾ," ಎಂದ ರಂಗಸ್ವಾಮಿ, ತಲೆ ತಗ್ಗಿಸಿ.

"ಹಂಗಾರೆ ನಂದು. ನಂಗೆ ಬಂದುದ್ದ ನಾನು ಯಾರಿಗ್ ಬೇಕಾದ್ರೂ ಕೊಡ್ತೀನಿ. ಕೇಳಕ್ಕೆ ನೀವ್ಯಾರು? ಇಳುಸ್ರಿ ಕೆಳಿಕ್ಕೆ. ಮಗು ಅದ್ರ ಮೇಲೆ ನಿಂತು ಆಡ್ತದೆ."

"ಅವ್ವಾ, ದೋಸ..."

"ದೋಸ ನಾನು ಕಳೀತೀನಿ ಬುಡು."

ಒಂದು ಗಡ್ಡೆ ಇಳಿಸಿದ ಕೂಡಲೇ ಅಜ್ಜಿ ಸೀರೆ ಒತ್ತರಿಸಿಕೊಂಡು ಅದರ ಮೇಲೆ ಕುಳಿತೇಬಿಟ್ಟಳು. ಜನ ಹೋ ಎಂದರು. ಒಂದು ಗಳಿಗೆ ಅವಳ ಮುಖ ಬೇರೆಯೇ ಆಯಿತು, ದೂರದಲ್ಲಿ ಯಾರೋ ಕರೆದಂತೆ ಕಿವಿಗೊಟ್ಟು ಕುಳಿತಳು. ಆಮೇಲೆ ಚಂಗನೆ ಎದ್ದಳು. "ಅಯ್ಯಯ್ಯಪ್ಪಾ! ಕುಂಡಿ ಕಚ್ಚಾಕ್ತದೆ ಕಣ್ರೋ! ಆಯ್ತು. ಹೆಣದ ಬಾಬ್ತು ತೀರ್ತು. ಇನ್ನು ಮಗೀದು."

ಗುರುಮಲ್ಲಪ್ಪ ಯೋಚಿಸಿ ನೋಡಿ, ಶಾಸ್ತ್ರದಲ್ಲಿ ಇದಕ್ಕೆ ಅಡ್ಡಿ ಕಾಣಲಿಲ್ಲವಾದ್ದರಿಂದ ಪಂಚೆ ಎತ್ತಿ ಕಟ್ಟಿದರು.

ಅಡ್ಡಿ ಮಾಡಿದವಳು ಆಶಾರಾಣಿಯೇ. "ಇದೇನ್ ತಮಾಸೆನಾ ಅಜ್ಜಿ? ದೇಸಕ್ಕೆ ಆಡ್ಬೇಕಾಗಿದ್ದೋಳು ನಾನು. ಹನ್ನೆರಡು ಗಡ್ಡೆ ಮೇಲೆ ಏನಂತ ಆಡ್ಲಿ? ಅಂಗಳ ಅಂದ್ರೆ ಎಷ್ಟ್ ದೊಡ್ದು ಗೊತ್ತಾ?"

"ನೀನು ನಿಂತ್ಕಳೋ ಜಾಗ ಎಷ್ಟು?"

ಆಶಾರಾಣಿ ಮನಸ್ಸಿನಲ್ಲೇ ಅಳೆದು ನೋಡಿದಳು. ಗೋಲಿನ ಬಾಯಿ ಆರಡಿ. ಅವಳು ನಿಲ್ಲುವುದು ಅಷ್ಟರಲ್ಲೇ. ಒಂದಡಿ ಅಗಲ, ಮೂರೂವರೆ ಅಡಿ ಉದ್ದದ ಗಡ್ಡೆ ಆರಾರರಂತೆ ಎರಡು ಸಾಲು ಹಾಕಿದರೆ ಆರಡಿ ಅಗಲ, ಏಳಡಿ ಉದ್ದ. ಐಸು ಬೇಕಾದ್ದು ಗೋಲು ಕಾಯುವವಳಿಗೆ. ಉಳಿದವರು ಬೇಕಾದರೆ ಸಿಮೆಂಟ್ ರಸ್ತೆಯ ಮೇಲೆ ನಿಲ್ಲಲಿ! ಅವಳಿಗೆ ನಗು ತಡೆಯಲಾಗಲಿಲ್ಲ. ಬ್ಯಾಗಿನ ಮೇಲಿದ್ದ ಸೀರೆಯನ್ನು ಕಿತ್ತೆಸೆದಳು.

ಹುಣಸೆಮರದ ನೆರಳಲ್ಲಿ ಗಡ್ಡೆ ಜೋಡಿಸಿದರು. ಸಂದಿಗೆ ಪುಡಿ ಐಸು ತುಂಬಿ ಗುರುಮಲ್ಲಪ್ಪ ತಾವೇ ಕೈಯಾರೆ ತಟ್ಟಿದರು, ಮದುವೆ ಮನೆಯ ಚಪ್ಪರವೇನೋ ಎಂಬಷ್ಟು ಅಕ್ಕರೆಯಿಂದ. ಎರಡು ಹಾರೆ ನೆಟ್ಟು ಹಿಂದೆ ಸೊಳ್ಳೆಪರದೆ ಕಟ್ಟಿದರು. ಅಷ್ಟು ಹೊತ್ತಿಗೆ ಒಡೆಯರಪಾಳ್ಯದಿಂದ ಸ್ಕೂಟರಿನಲ್ಲಿ ಯಾಂಗ್‌ಚೆನ್ ಬಂದಿಳಿದಳು. ಕೊಳ್ಳೇಗಾಲದ ಕಾಲೇಜಿನಲ್ಲಿ ಆಶಾಳ ಜೊತೆ ಓದಿದವಳು, ಕ್ಯಾಂಪಿನ ಸಿಮೆಂಟ್ ಅಂಗಳದಲ್ಲಿ ಗಾಲಿ ಬೂಟು ಕಟ್ಟಿ ಆಶಾಳಿಗೆ ಮೊದಲು ಜಾರುವುದನ್ನು ಕಲಿಸಿದವಳು. ಸತ್ತವರಿಗೆ ಹೊದಿಸಲೆಂದು ಅವರ ಪದ್ಧತಿಯ ಬಿಳಿ ರೇಷ್ಮೆ ವಸ್ತ್ರ ಹಿಡಿದು, ಕಣ್ಣು ಕೆಂಪಗೆ ಮಾಡಿಕೊಂಡು ಬಂದಿದ್ದಳು. ಎದುರಿಗೇ ಕುರ್ಚಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಅಜ್ಜಿ ಕುಳಿತಿದ್ದಳು.

"ಬಾಮ್ಮಿ ಯಾಂಗಿ. ನನ್ ತಿಥಿಗೆ ಸರ್ಯಾಗಿ ಬಂದೆ."

ವಿಷಯ ತಿಳಿದು ಯಾಂಗ್‌ಚೆನ್ ಹೊಟ್ಟೆ ಹಿಡಿದುಕೊಂಡು ರಸ್ತೆಯಲ್ಲೇ ಕುಳಿತುಬಿಟ್ಟಳು. ಆಮೇಲೆ ಎದ್ದು, ಈ ವಸ್ತ್ರ ಸಾವಿಗೂ ಆಗುತ್ತದೆ ಸನ್ಮಾನಕ್ಕೂ ಆಗುತ್ತದೆ ಎಂದು ಅಜ್ಜಿಯ ಕೊರಳಿಗೇ ಹಾಕಿದಳು.

"ಅಂತರರಾಷ್ಟ್ರೀಯ ಪಂದ್ಯ ಅಂದ ಮೇಲೆ ಫಾರಿನ್ನೋರು ಬೇಕಲ್ಲ," ಎಂದರು ಗುರುಮಲ್ಲಪ್ಪ, ಅವಳನ್ನೇ ನೋಡುತ್ತಾ.

"ನಾನು ಉಟ್ಟಿದ್ದು ಕೊಳ್ಳೇಗಾಲದ ಆಸ್ಪತ್ರೇಲಿ ಕಣಣ್ಣೋ," ಎಂದಳು ಯಾಂಗ್‌ಚೆನ್. "ಆದ್ರೂ ಆಗ್ಲಿ ಬುಡಿ, ಇವತ್ತೊಂದಿನ ಫಾರಿನ್ ಆಯ್ತೀನಿ."

ಆಶಾರಾಣಿ ಒಳಗಿಂದ ಹೊರಬಂದಾಗ ಬೀದಿಯೇ ಸರಿದು ದಾರಿ ಬಿಟ್ಟಿತು. ಕಾಲಿಗೆ ದಿಂಬಿನಷ್ಟು ದಪ್ಪ ಪ್ಯಾಡು, ಮುಖಕ್ಕೆ ಕಂಬಿಯ ಮುಖವಾಡ, ಮೈಮೇಲೆ ದೇಶದ ಹೆಸರಿದ್ದ ನೀಲಿ ಅಂಗಿ. ಆ ಅಂಗಿಯನ್ನು ಹೊರದೇಶದಲ್ಲೇ ಮೊದಲು ತೊಡಬೇಕೆಂದು ಮಡಿಕೆ ಬಿಚ್ಚದೆ ಇಟ್ಟಿದ್ದಳು. ಐಸಿನ ಮೇಲೆ ಮೊದಲ ಹೆಜ್ಜೆ ಇಟ್ಟಾಗ ಅಲಗು ಕಿರ್ ಎಂದಿತು. ಆ ಸದ್ದು ಧನಗೆರೆಯಲ್ಲಿ, ತನ್ನ ಮನೆಯ ಹುಣಸೆಮರದ ಕೆಳಗೆ! ಹತ್ತು ಮಾರು ದೂರದಲ್ಲಿ ಅಜ್ಜಿ ಕುಳಿತಿದ್ದಾಳೆ, ಹೊಸ ಕಣ್ಣಿದೆ. ಇನ್ನು ಹಾಲೂ ಇಲ್ಲ, ನೊಣವೂ ಇಲ್ಲ.

"ಅಜ್ಜೀ, ನೋಡ್ತಾ ಇರು!"

"ಆಡ್ ಆಡು," ಎಂದಳು ಅಜ್ಜಿ.

ಮೊದಲು ರಂಗಸ್ವಾಮಿ. ಈ ಆಟದಲ್ಲಿ ಚೆಂಡಿನ ಬದಲು ಹೊಡೆಯುವ ಕಪ್ಪು ಬಿಲ್ಲೆಯನ್ನು ನೋಡಿ, "ಬೂಟ್ ಪಾಲಿಸ್ ಡಬ್ಬಿ ಇದ್ದಂಗದೆ" ಎಂದು ತೆಂಗಿನ ಮಟ್ಟೆ ಬೀಸಿದ. ಬಿಲ್ಲೆ ಅಲ್ಲೇ ಇತ್ತು, ರಂಗಸ್ವಾಮಿ ನೆಲದ ಮೇಲಿದ್ದ. ಗುರುಮಲ್ಲಪ್ಪ ಹೊಡೆದದ್ದು ಅವರ ಟೆಂಪೊಗೇ ಹೋಗಿ ಬಡಿಯಿತು. ಮಹದೇವಸ್ವಾಮಿ ಮಗಳಿಗೆ ನೋವಾದೀತೆಂದು ಮೆಲ್ಲಗೆ ತಳ್ಳಿದ, ಎಲ್ಲರೂ ಅವನನ್ನು ಬೈದರು. ಪ್ರೇಮಾ ಮಜ್ಜಿಗೆ ಪಾತ್ರೆ ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು ಬಂದು ಒಂದು ಏಟು ಕೊಟ್ಟಳು ನೋಡಿ, ಬಿಲ್ಲೆ ಗುಂಯ್ ಎಂದು ಬಂತು, ಆಶಾರಾಣಿ ಮೊಣಕಾಲೂರಿ ತಡೆಯಬೇಕಾಯಿತು. "ಇಪ್ಪತ್ತೆಂಟು ವರ್ಸ ಈ ಕೈ ಅಡಿಗೆ ಮನೇಲಿ, ಗದ್ದೇಲಿ ಹಾಳಾಯ್ತಲ್ಲ!" ಎಂದ ಪುಟ್ಟಸಿದ್ದಯ್ಯ, ಪ್ರತಿ ಏಟಿಗೂ ಹಾರ್ಮೋನಿಯಂ ಒತ್ತುತ್ತಾ. ಸಾವಿಗೆಂದು ಬಂದಿಳಿಯುತ್ತಿದ್ದ ನೆಂಟರು ಅಳುತ್ತಾ ಬಂದು, ಕೇಳಿ, ನಕ್ಕು, ಸರದಿಗೆ ನಿಲ್ಲತೊಡಗಿದರು. ಒಬ್ಬರ ಏಟೂ ಗೋಲಿನ ಒಳಗೆ ಹೋಗಲಿಲ್ಲ.

ಐಸು ಅಂಚಿನಿಂದ ಕರಗುತ್ತಾ ಬಂತು. ಕೊನೆಗೆ ಯಾಂಗ್‌ಚೆನ್, ಆಶಾಳ ಬ್ಯಾಗಿನಲ್ಲಿದ್ದ ಇನ್ನೊಂದು ಕೋಲು ಹಿಡಿದು ಸಿಮೆಂಟ್ ರಸ್ತೆಯಲ್ಲಿ ಹಿಂದೆ ಹಿಂದೆ ಸರಿದಳು. ಹಾರ್ಮೋನಿಯಂ ನಿಂತಿತು. ಆಶಾರಾಣಿ ಬಗ್ಗಿದಳು. ಇದು ನಿಜವಾದ ಏಟು, ಇದನ್ನೇ ಅಜ್ಜಿ ನೋಡಬೇಕು. ಯಾಂಗ್‌ಚೆನ್ ಓಡಿ ಬಂದು, ಬಲಕ್ಕೆ ತೋರಿಸಿ, ಮೇಲಕ್ಕೆ ಹೊಡೆದಳು. ಆಶಾರಾಣಿ ಇದ್ದ ಮೈಯನ್ನೆಲ್ಲ ಎತ್ತಿ ಎಸೆದಳು. ಬಿಲ್ಲೆ ಅವಳ ಕೈಗವಸಿನೊಳಗೆ ಟಪ್ಪನೆ ಕುಳಿತಿತು.

ಬೀದಿಗೆ ಬೀದಿಯೇ ಕುಣಿಯಿತು. ಆಶಾರಾಣಿ ಅಲಗಿನ ಬೂಟಿನಲ್ಲೇ ಕೆಸರು ತುಳಿಯುತ್ತಾ ಅಜ್ಜಿಯ ಕುರ್ಚಿಗೆ ಓಡಿದಳು.

"ನೋಡ್ದಾ ಅಜ್ಜಿ? ನೋಡ್ದಾ?"

"ಏನ?"

ಆಶಾರಾಣಿಗೆ ಏನೋ ಅನುಮಾನ ಬಂತು. ಕೈಗವಸು ಕಿತ್ತೆಸೆದು ಅಜ್ಜಿಯ ಕಪ್ಪು ಕನ್ನಡಕ ಎತ್ತಿದಳು. ಒಳಗೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದವು, ಹರಳೆಣ್ಣೆ ಕುಡಿಸಲು ಹಿಡಿದ ಮಗುವಿನ ಹಾಗೆ.

"ಅಜ್ಜೀ! ಶುರುವಿಂದ ಹಿಂಗೇ ಕುಂತಿದ್ಯಾ? ಬೀದಿ ನಾಯಿ ಕೂಡ ನೋಡ್ತು, ನೀನು ನೋಡ್ಲಿಲ್ವಾ? ಯಾರಿಗೋಸ್ಕರ ಆಡ್ದೆ ನಾನು?" ಅವಳಿಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು.

ಅಜ್ಜಿ ಮುಖದ ಕಂಬಿಗೆ ಬೆರಳು ಸಿಕ್ಕಿಸಿ ಮೊಮ್ಮಗಳ ತಲೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಬೇರೆ ಯಾರಿಗೂ ಕೇಳಬಾರದೆಂದು ಪಿಸುಗುಟ್ಟಿದಳು.

"ನೋಡ್ಬುಟ್ರೆ ಅಂವ ಕರೀತಾನೆ ಕಣಮ್ಮಿ. ನಾನು ಮಾತ್ ಕೊಟ್ಬುಟ್ಟಿವ್ನಿ. ದೊಡ್ಡದಾಗಿ ಯೋಳ್ಬುಟ್ಟೆ, ಉಟ್ಟ ಸೀರೇಲೇ ಬತ್ತೀನಿ ಅಂತ. ಆಗ ಆ ಐಸಿನ ಮೇಲೆ ಕುಂತೆ ನೋಡು, ಆಗ ಗೊತ್ತಾಯ್ತು. ಬಲೇ ತಣ್ಣಗದೆ ಕಣವ್ವ ಅದು. ನಂಗಿನ್ನೂ ಬ್ಯಾಡ. ಇನ್ನೊಂಚೂರು ದಿನ ಇರ್ತೀನಿ."

ಆಶಾರಾಣಿಯ ಸಿಟ್ಟು ಎಲ್ಲಿ ಹೋಯಿತೋ. ಆ ಸುಕ್ಕುಗಟ್ಟಿದ ಮುಚ್ಚಿದ ರೆಪ್ಪೆಗಳನ್ನೇ ನೋಡುತ್ತಾ ನಿಂತಳು. ಎಂಬತ್ತನಾಲ್ಕು ವರ್ಷಕ್ಕೂ ಇನ್ನೊಂದು ಚೂರು ಬೇಕು ಎನ್ನುವ ಆ ಜೀವದ ಮೇಲೆ ಅವಳಿಗೆ ಹೇಳಲಾರದಷ್ಟು ಪ್ರೀತಿ ಉಕ್ಕಿತು.

"ಮುಂದಿನ್ ಆಟ ಯಾವಾಗಂತೆ?" ಎಂದಳು ಅಜ್ಜಿ.

"ಮುಂದಿನ್ ವರ್ಸ ಇರ್ಬೋದು. ಅದೂ ಕ್ಯಾನ್ಸಲ್ ಆದ್ರೂ ಆಯ್ತು."

"ಆಗ್ಲಿ ಬುಡು. ಆಯ್ತಾನೇ ಇರ್ಲಿ."

ಆಶಾರಾಣಿ ನಕ್ಕು ಕನ್ನಡಕವನ್ನು ಅಜ್ಜಿಯ ಮೂಗಿನ ಮೇಲೆ ಸರಿಯಾಗಿ ಕೂರಿಸಿದಳು. ಹೋಗಿ ಮತ್ತೆ ಗೋಲಿನಲ್ಲಿ ನಿಂತಳು. ಕಾಲ ಕೆಳಗೆ ಇನ್ನು ಆರೇಳು ಗಡ್ಡೆ ಉಳಿದಿದ್ದವು. "ಇನ್ನೊಂದು ಹೊಡಿಯಮ್ಮಿ ಯಾಂಗಿ!" ಎಂದಳು.

ಯಾಂಗ್‌ಚೆನ್ ಈ ಸಲ ಇನ್ನೂ ದೂರದಿಂದ ಬಂದಳು. ಆಶಾರಾಣಿಯ ಬಲಕ್ಕೆ ಬಗ್ಗಿದಳು, ಕೋಲನ್ನೂ ಆ ಕಡೆಗೇ ಎತ್ತಿದಳು. ಆಶಾರಾಣಿಯೂ ಬಲಕ್ಕೆ ವಾಲಿದಳು. ಅಷ್ಟರಲ್ಲಿ ಕುರ್ಚಿಯ ಕಡೆಯಿಂದ, ಕಪ್ಪು ಕನ್ನಡಕದ ಹಿಂದೆ ಕಣ್ಣು ಮುಚ್ಚಿ ಕುಳಿತವಳ ಬಾಯಿಂದ, ಬೀದಿ ಬೆಚ್ಚುವಂತೆ ಕೂಗು ಬಂತು:

"ಎಡಿಕ್ಕೆ! ಎಡಿಕ್ಕೆ ಬತ್ತದೆ ಕಣಮ್ಮೀ!"

ಆಶಾರಾಣಿ ಎಡಕ್ಕೆ ಬಿದ್ದಳು. ಬಿಲ್ಲೆ ಎಡಗಾಲಿನ ಪ್ಯಾಡಿಗೆ ಬಡಿದು ಆಚೆ ಹೋಯಿತು. ಕರಗುವ ಐಸಿನ ಮೇಲೆ ಅಂಗಾತ ಮಲಗಿ, ಹುಣಸೆಮರದ ಎಲೆಗಳನ್ನು ನೋಡುತ್ತಾ, ಅವಳು ಹೊಟ್ಟೆ ನೋಯುವ ತನಕ ನಕ್ಕಳು. ಯಾಕೆ ನಗುತ್ತೀಯಾ ಎಂದು ಎಲ್ಲರೂ ಕೇಳಿದರು. ಅವಳು ಯಾರಿಗೂ ಹೇಳಲಿಲ್ಲ. ಮಾದಪ್ಪನಿಗಂತೂ ಹೇಳಲೇ ಇಲ್ಲ.